ತೋಟವೂ ಕಾಡಿನ ಕೆಲಸವೇ, ಮಾಸ್ತರರೇ

ಕಲಬುರಗಿ ಜಿಲ್ಲೆಯ ಚಿಂಚೋಳಿಯಿಂದ ನಿವೃತ್ತ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಸಸ್ಯೋದ್ಯಾನಗಳ ಬಗ್ಗೆ ಬಂದ ಲೇಖನ ಅವರಿಗೆ ಹಿಡಿಸಿಲ್ಲ. ‘ಅಪರೂಪದ ಗಿಡ ಕಾಡಿನಲ್ಲೇ ಉಳಿಯಬೇಕು. ಕಿತ್ತು ತಂದು ಬೋರ್ಡು ಹಾಕಿ ನಿಲ್ಲಿಸಿದರೆ ಅದೆಂಥ ಸಂರಕ್ಷಣೆ? ಆ ತೋಟದವರು ಈ ತೋಟಕ್ಕೆ ಬೀಜ ಕಳಿಸುವುದೆಲ್ಲ ದೊಡ್ಡವರ ಶೋಕಿ’ ಅನ್ನುತ್ತಾರೆ.

ಕಾಡು ಮೊದಲು, ಒಪ್ಪಿದೆ. ನಿಮ್ಮೂರ ಕಾಡು 2011ರಲ್ಲಿ ವನ್ಯಜೀವಿಧಾಮವಾದಾಗ ನಮಗೂ ಖುಷಿಯಾಗಿತ್ತು. ಆದರೆ ಮಾಸ್ತರರೇ, ಕಾಡು ಉಳಿದ ಮಾತ್ರಕ್ಕೆ ಅದರೊಳಗಿನ ಪ್ರತಿ ಗಿಡವೂ ಉಳಿಯಿತು ಅಂತ ನಿಮಗೆ ಯಾರು ಹೇಳಿದರು?

ಮಾರಿಷಸ್‌ಗೆ ಸೇರಿದ ರಾಡ್ರಿಗಸ್ ಅಂತ ಒಂದು ಪುಟ್ಟ ದ್ವೀಪವಿದೆ. ಅಲ್ಲಿನ ಕೆಫೆ ಮರಾನ್ ಎಂಬ ಗಿಡ ಅಳಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. 1980ರಲ್ಲಿ ಒಬ್ಬ ಮೇಷ್ಟ್ರು, ನಿಮ್ಮಂಥವರೇ, ಊರ ಸುತ್ತಲಿನ ಗಿಡ ಹುಡುಕಿ ತನ್ನಿ ಅಂತ ಮಕ್ಕಳಿಗೆ ಹೇಳಿದರು. ಒಬ್ಬ ಹುಡುಗ ತಂದ ಟೊಂಗೆ ಅದರದ್ದೇ! ಉಳಿದದ್ದು ಅದೊಂದೇ ಗಿಡ. ಸುದ್ದಿ ಹಬ್ಬಿದ ಮೇಲೆ ಔಷಧಿಗೆಂದು ಜನ ಬಂದು ಟೊಂಗೆ ಮುರಿಯತೊಡಗಿದರು. ಬೇಲಿ ಹಾಕಿದರೆ ಬೇಲಿ ದಾಟಿದರು. 1986ರಲ್ಲಿ ಕೆಲವು ಟೊಂಗೆಗಳು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಹೋದವು. ಬೇರು ಬಂತು, ಹೂವೂ ಬಂತು, ಬೀಜ ಮಾತ್ರ ಕಟ್ಟಲಿಲ್ಲ. ಕೊನೆಗೆ 2003ರಲ್ಲಿ ಅಲ್ಲಿನ ತೋಟಗಾರರೊಬ್ಬರು ಕೈಯಾರೆ ಪರಾಗ ಮುಟ್ಟಿಸಿ ಬೀಜ ಕಟ್ಟಿಸಿದರು. ಮುಂದೆ ಬೀಜಗಳು ದ್ವೀಪಕ್ಕೆ ವಾಪಸ್ ಹೋದವು. ಇದು ಶೋಕಿಯೇ?

ಎಲ್ಲ ಕಥೆಯೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಈಸ್ಟರ್ ದ್ವೀಪದ ಟೊರೊಮಿರೊ ಮರ 1960ರ ಹೊತ್ತಿಗೆ ಅಲ್ಲಿಂದ ಪೂರ್ತಿ ಹೋಯಿತು. ಅದಕ್ಕೆ ಮುಂಚೆ ನಾರ್ವೆಯ ಅನ್ವೇಷಕ ಥಾರ್ ಹೆಯರ್ಡಾಲ್ ಒಯ್ದಿದ್ದ ಬೀಜಗಳು ಸ್ವೀಡನ್ನಿನ ಗೋಥೆನ್‌ಬರ್ಗ್ ತೋಟದಲ್ಲಿ ಮೊಳೆತವು. ಇವತ್ತು ತೋಟಗಳಲ್ಲಿರುವ ಟೊರೊಮಿರೊ ಮರಗಳಲ್ಲಿ ಬಹುಪಾಲು ಹತ್ತಿರದ ರಕ್ತಸಂಬಂಧಿಗಳು. ದ್ವೀಪದಲ್ಲಿ ಮರಳಿ ನೆಟ್ಟವೂ ಸರಿಯಾಗಿ ಹಿಡಿಯಲಿಲ್ಲ. ಬೇರೆ ಬೇರೆ ಮೂಲದವನ್ನು ಕೂಡಿಸಿ ತಳಿ ಗಟ್ಟಿ ಮಾಡಬೇಕಾದರೆ, ಈಗ ಯಾರ ಬಳಿ ಯಾವ ಮೂಲದ ಗಿಡ ಇದೆ ಅಂತ ತೋಟಗಳು ಒಟ್ಟು ಸೇರಿ ಲೆಕ್ಕ ಹಾಕದೆ ಬೇರೆ ದಾರಿಯೇ ಇಲ್ಲ.

ನಮ್ಮ ಮನೆಯ ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ತರುತ್ತೇವೆ, ಅಲ್ವಾ? ತೋಟಗಳ ಒಡನಾಟವೂ ಅಷ್ಟೇ. ಇದಕ್ಕಾಗಿ 1987ರಿಂದ ಒಂದು ಅಂತಾರಾಷ್ಟ್ರೀಯ ಒಕ್ಕೂಟವೂ ಇದೆ. ಇನ್ನು ‘ಕಿತ್ತು ತರುವುದು’ ಅಂದಿರಿ. ಒಳ್ಳೆಯ ತೋಟದವರು ಕೀಳುವುದಿಲ್ಲ, ಬೀಜ ಆಯುತ್ತಾರೆ. ಅದೂ ಹಲವು ತಾಯಿಗಿಡಗಳಿಂದ, ಕಾಡಿಗೆ ಬೇಕಾದಷ್ಟು ಬಿಟ್ಟು. ಚೆನ್ನಾಗಿ ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ಮಾವು, ಹಲಸಿನಂಥ ಬೀಜ ಒಣಗಿದರೆ ಸಾಯುತ್ತದೆ. ಅಂಥದ್ದನ್ನು ಗಿಡವಾಗಿಯೇ ಸಾಕಬೇಕು, ಒಂದೇ ತೋಟ ನಂಬಿ ಕೂರಬಾರದು. ಒಂದು ಕೆಟ್ಟ ಬೇಸಿಗೆ, ಒಂದಿಷ್ಟು ಗೆದ್ದಲು ಸಾಕು. ನಮ್ಮ ಬೀಜ ಹೊರಗಿನವರ ಪಾಲಾದೀತೆಂಬ ಗುಮಾನಿ ನಿಮ್ಮ ಪತ್ರದಲ್ಲಿ ಇಣುಕುತ್ತದೆ. ಅದು ಸುಳ್ಳಲ್ಲ. 2002ರ ಜೀವವೈವಿಧ್ಯ ಕಾಯ್ದೆ ಬಂದಿದ್ದೇ ಅದಕ್ಕೆ.

ನನ್ನ ಸಿಟ್ಟು ಬೇರೆಯೇ ಇದೆ. ಗಿಡ ಉಳಿಸುವ ಮಾತು ಬಂದರೆ ಎಲ್ಲರ ಕಣ್ಣೂ ಘಟ್ಟದ ಮೇಲೆ. ಕೇರಳದ ಪಾಲೋಡಿನಲ್ಲಿ ತೋಟ ಇದೆ, ವಯನಾಡಿನಲ್ಲಿ ಘಟ್ಟದ ಗಿಡ ಸಾಕುವ ಗುರುಕುಲ ಸಸ್ಯಧಾಮದವರಿದ್ದಾರೆ. ಇರಲಿ, ಸಂತೋಷ. ಆದರೆ ಕಲಬುರಗಿ, ಬೀದರ, ಯಾದಗಿರಿ ಅಂದರೆ ‘ಬಿಸಿಲು, ಜಾಲಿ, ಮತ್ತೇನಿದೆ’ ಅನ್ನುತ್ತಾರೆ. ನಾವೂ ಹೂಂ ಅಂದು ಕೂತಿದ್ದೇವೆ. ಕೊಲ್ಹಾಪುರದವರು ಹೂಂ ಅನ್ನಲಿಲ್ಲ. ಮಳೆಗೆ ತಲೆ ಎತ್ತಿ ಬೇಸಿಗೆಯಲ್ಲಿ ಗೆಡ್ಡೆಯೊಳಗೆ ಅಡಗುವ ಸೆರೊಪೀಜಿಯಾ ಗಿಡಗಳನ್ನು ಶಿವಾಜಿ ವಿಶ್ವವಿದ್ಯಾಲಯದ ತೋಟದಲ್ಲಿ ಕೂಡಿಸಿ ಬೆಳೆಸಿದರು. ಕಂದೀಲಿನ ಆಕಾರದ ಅದರ ಹೂವಿನೊಳಗೆ ಸಣ್ಣ ನೊಣ ಸಿಕ್ಕಿಬಿದ್ದು, ಪರಾಗ ಹೊತ್ತು ಹೊರಬರುತ್ತದೆ. ಕೊಲ್ಹಾಪುರವೇನು ಲಂಡನ್ನೇ?

ನಮ್ಮಲ್ಲಿ ನೋಡಿ. ಮೇ ತಿಂಗಳಲ್ಲಿ ಲೇಔಟಿನ ಪಾರ್ಕಿನ ಹುಲ್ಲುಹಾಸಿಗೆ ಟ್ಯಾಂಕರ್ ನೀರು, ಅಂಚಿಗೆ ಸಾಲಾಗಿ ಕೋನೋಕಾರ್ಪಸ್ ಎಂಬ ಹೊರದೇಶದ ಗಿಡ. ಗುಜರಾತ್ ಸರ್ಕಾರ 2023ರಲ್ಲಿ ಬೇಡವೆಂದು ನಿಷೇಧಿಸಿದ ಗಿಡ ಅದು. ನಮ್ಮ ಕಾಡಿನದೇ ಮರಗಳಾದ ಕಮರ, ಧೂಪದ ಸಸಿ ಬೇಕು ಅಂತ ಇಲ್ಲಿನ ನರ್ಸರಿಯೊಂದರಲ್ಲಿ ಕೇಳಿದೆ. ‘ಅದನ್ನ ಯಾರು ತಗೋತಾರ್ರೀ ಸರ’ ಅಂದರು. ಬನ್ನಿ ಹಬ್ಬಕ್ಕೆ ಬನ್ನಿ ಸಿಗದೆ ಯಾವುದೋ ಎಲೆ ಹಂಚಿಕೊಂಡು ಬಂಗಾರ ಅನ್ನುವ ಕಾಲ ಬಂದರೂ ಆಶ್ಚರ್ಯವಿಲ್ಲ.

ನಿಮಗೆ ಗಿಡಗಳ ಮೇಲೆ ಪ್ರೀತಿ ಇದೆ, ಪತ್ರವೇ ಹೇಳುತ್ತದೆ. ಆ ರಾಡ್ರಿಗಸ್ ಮೇಷ್ಟ್ರ ಕೆಲಸವನ್ನು ನೀವೇ ಒಮ್ಮೆ ಮಾಡಿ. ಈ ಮಳೆಗಾಲ ಹಳೆಯ ವಿದ್ಯಾರ್ಥಿಗಳನ್ನು ಕರೆದುಕೊಂಡು ನಿಮ್ಮ ಕಾಡಿನ ಚಂದ್ರಂಪಳ್ಳಿ ಕಡೆ ಹೋಗಿ. ಕಂಡ ಗಿಡದ ಊರಿನ ಹೆಸರು ಕೇಳಿ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ನಮಗೂ ಕಳಿಸಿ. ಟೊಂಗೆ ಮುರಿದು ತರಬೇಡಿ.