ಮುಂಗಾಲಿನ ಮೂಳೆ ನೋಡಿ ಕರಡಿಯ ತೂಕ ಹೇಳುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಹತ್ತಿರದ ದರೋಜಿಯಲ್ಲಿ ಎಷ್ಟೋ ಸಲ ಕರಡಿ ನೋಡಿದ್ದೇನೆ. ಮೊನ್ನೆ ಒಂದು ವಿಡಿಯೋದಲ್ಲಿ, ದಕ್ಷಿಣ ಅಮೆರಿಕದಲ್ಲಿ ಹಿಂದೆ 1,600 ಕೆ.ಜಿ. ತೂಗುವ ಕರಡಿ ಇತ್ತು ಎಂದರು. ಸಿಕ್ಕಿದ್ದು ಮುಂಗಾಲಿನ ಮೂಳೆಗಳಂತೆ. ಅಷ್ಟರಿಂದಲೇ ತೂಕ ಹೇಳೋಕೆ ಆಗುತ್ತಾ ಸಾರ್? ನಮ್ಮ ದೇಶದಲ್ಲೂ ಇಂಥ ಕರಡಿ ಇತ್ತಾ?
– ಹೊಸಪೇಟೆಯ ಓದುಗರು

ಉತ್ತರ: ಹೇಳೋಕೆ ಆಗುತ್ತೆ. ಆದರೆ ತಕ್ಕಡಿಯಲ್ಲಿ ತೂಗಿದ ಹಾಗೆ ಅಲ್ಲ.

ನೀವು ಕೇಳಿದ ಕರಡಿಯ ಹೆಸರು ಆರ್ಕ್ಟೊಥೀರಿಯಂ ಅಂಗುಸ್ಟಿಡೆನ್ಸ್. 1935ರಲ್ಲಿ ಅರ್ಜೆಂಟೀನಾದ ಲಾ ಪ್ಲಾಟಾ ನಗರದಲ್ಲಿ ಆಸ್ಪತ್ರೆಯೊಂದನ್ನು ಕಟ್ಟುವಾಗ ಇದರ ಮೂಳೆಗಳು ಸಿಕ್ಕವು. ಲಿಯೊಪೋಲ್ಡೊ ಸೊಯಿಬೆಲ್ಜಾನ್ ಮತ್ತು ಬ್ಲೇನ್ ಶುಬರ್ಟ್ ಎಂಬ ವಿಜ್ಞಾನಿಗಳು ಅವನ್ನು ಅಳೆದು 2011ರಲ್ಲಿ ವಿವರ ಪ್ರಕಟಿಸಿದರು.

ನಾಲ್ಕು ಕಾಲಿನ ಪ್ರಾಣಿಯ ಮೈಭಾರವೆಲ್ಲ ಕಾಲಿನ ಮೂಳೆಗಳ ಮೇಲೆ ಬೀಳುತ್ತದೆ. ಮನೆ ದೊಡ್ಡದಾದಷ್ಟೂ ಕಂಬ ದಪ್ಪ ಇರಬೇಕಲ್ವಾ, ಹಾಗೆ. ಇಲ್ಲಿ ಮೂಳೆಯ ಉದ್ದಕ್ಕಿಂತ ಅದರ ಸುತ್ತಳತೆ ಮತ್ತು ಕೀಲಿನ ಅಗಲವೇ ಜಾಸ್ತಿ ಹೇಳುತ್ತದೆ. ಈಗ ಬದುಕಿರುವ ಪ್ರಾಣಿಗಳಲ್ಲಿ ಮೂಳೆಯ ಅಳತೆ ಇಷ್ಟಿದ್ದರೆ ತೂಕ ಇಷ್ಟು ಅಂತ ಮೊದಲು ಲೆಕ್ಕ ಕಟ್ಟುತ್ತಾರೆ. ಆಮೇಲೆ ಪಳೆಯುಳಿಕೆಯ ಅಳತೆಯನ್ನು ಆ ಲೆಕ್ಕಕ್ಕೆ ಹಾಕಿ ನೋಡುತ್ತಾರೆ.

ತೊಡಕು ಇರುವುದೂ ಅಲ್ಲೇ. ಮೂಳೆಯ ಯಾವ ಭಾಗ ಅಳೆದಿರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಈ ಕರಡಿಗೆ ಒಂದು ಸೂತ್ರ 983 ಕೆ.ಜಿ. ಕೊಟ್ಟರೆ ಇನ್ನೊಂದು 2,042 ಕೆ.ಜಿ. ಕೊಟ್ಟಿತು. 1,588ರಿಂದ 1,749 ಕೆ.ಜಿ. ನಂಬುವಂಥದ್ದು ಎಂದು ಆ ಇಬ್ಬರು ಹೇಳಿದರು. ವಿಡಿಯೋದವರು ಅದನ್ನೇ ಒಂದೇ ಸಂಖ್ಯೆ ಮಾಡಿ ಹೇಳಿದ್ದಾರೆ. ಇಷ್ಟು ದೊಡ್ಡ ಕರಡಿ ಈಗ ಎಲ್ಲೂ ಇಲ್ಲ. ಹಾಗಾಗಿ ಲೆಕ್ಕವನ್ನು ನಮಗೆ ಗೊತ್ತಿರುವ ಗಡಿಯಿಂದ ಆಚೆಗೆ ಎಳೆಯಬೇಕಾಗುತ್ತದೆ. 'ಸುಮಾರು ಒಂದೂವರೆ ಟನ್ ಇದ್ದಿರಬಹುದು' ಎಂದರೆ ನಾನು ಒಪ್ಪುತ್ತೇನೆ. ನೀವು ದರೋಜಿಯಲ್ಲಿ ನೋಡುವ ಗಂಡು ಕರಡಿ ಸಾಮಾನ್ಯವಾಗಿ 80ರಿಂದ 145 ಕೆ.ಜಿ. ತೂಗುತ್ತದೆ. ಕಡಿಮೆ ಅಂದಾಜನ್ನೇ ಹಿಡಿದರೂ ಅರ್ಜೆಂಟೀನಾದ ಕರಡಿ ಅದರ ಆರು ಪಟ್ಟಿಗಿಂತ ದೊಡ್ಡದು.

ನನಗೆ ತೂಕಕ್ಕಿಂತ ಹೆಚ್ಚು ಮನಸ್ಸಿಗೆ ತಾಗುವುದು ಬೇರೆ. ಆ ಮೂಳೆಗಳಲ್ಲಿ ಆಳವಾದ ಗಾಯದ ಗುರುತುಗಳಿವೆ, ಮತ್ತು ಅವು ಮಾಗಿವೆ. ಮೂಳೆ ಮಾಗಬೇಕಾದರೆ ಪ್ರಾಣಿ ಬದುಕಿರಬೇಕು. ಅಂದರೆ ಈ ವಯಸ್ಸಾದ ಗಂಡು ಕರಡಿ ದೊಡ್ಡ ಪೆಟ್ಟು ತಿಂದ ಮೇಲೂ ಬಹಳ ಕಾಲ ಓಡಾಡಿಕೊಂಡಿತ್ತು. ಪೆಟ್ಟು ಬಿದ್ದಿದ್ದು ಇನ್ನೊಂದು ಗಂಡಿನ ಜೊತೆ ಕಾದಾಡಿಯೋ, ಬೇಟೆಯಲ್ಲೋ, ಅದನ್ನು ಮೂಳೆ ಹೇಳುವುದಿಲ್ಲ. ಇದೇ ಜಾತಿಯ ಮೂರು ಕರಡಿಗಳು ಬ್ಯೂನಸ್ ಐರಿಸ್ ಪ್ರಾಂತ್ಯದಲ್ಲಿ ಒಂದೇ ಬಿಲದಲ್ಲಿ ಸಿಕ್ಕಿದ್ದೂ ಉಂಟು. ಒಂದು ಬೆಳೆದದ್ದು, ಎರಡು ಎಳೆಯವು. ತಾಯಿ ಮತ್ತು ಮರಿಗಳು ಇರಬೇಕು.

ಉತ್ತರ ಅಮೆರಿಕದಲ್ಲೂ ಆರ್ಕ್ಟೋಡಸ್ ಸೈಮಸ್ ಎಂಬ ದೈತ್ಯ ಕರಡಿ ಇತ್ತು. ಅದನ್ನು ಬಹಳ ಕಾಲ ಬರೀ ಮಾಂಸ ತಿನ್ನುವ ಭಯಂಕರ ಬೇಟೆಗಾರ ಎಂದುಕೊಂಡಿದ್ದರು. ಅಲಾಸ್ಕಾ ಕಡೆಯ ಮೂಳೆಗಳ ರಾಸಾಯನಿಕ ಪರೀಕ್ಷೆಯಲ್ಲಿ ಮಾಂಸದ ಗುರುತು ಚೆನ್ನಾಗಿಯೇ ಇದೆ. ಆದರೆ ಲಾಸ್ ಏಂಜಲೀಸ್‌ನ ಲಾ ಬ್ರಿಯಾ ಟಾರು ಹೊಂಡಗಳಲ್ಲಿ ಸಿಕ್ಕ ಹಲ್ಲುಗಳಲ್ಲಿ ಹುಳುಕು ಕಂಡಿತು! ಹಲ್ಲು ಹುಳುಕಾಗುವುದು ಸಿಹಿ, ಪಿಷ್ಟ ತಿಂದರೆ. ಅಲ್ಲಿನ ಕರಡಿಗಳು ಹಣ್ಣುಹಂಪಲೂ ತಿನ್ನುತ್ತಿದ್ದವು ಅನ್ನಿ. ಒಂದೇ ಜಾತಿ, ಊರು ಬದಲಾದರೆ ಊಟವೂ ಬೇರೆ.

ಈ ಎರಡು ದೈತ್ಯರು ಹತ್ತಿರದ ಅಣ್ಣತಮ್ಮಂದಿರಲ್ಲ. ಚಿಲಿಯ ಗುಹೆಯಲ್ಲಿ ಸಿಕ್ಕ ಆರ್ಕ್ಟೊಥೀರಿಯಂ ಮೂಳೆಯ ಡಿಎನ್‌ಎ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ಆರ್ಕ್ಟೊಥೀರಿಯಂಗೆ ಆರ್ಕ್ಟೋಡಸ್‌ಗಿಂತ ಹತ್ತಿರದ ನೆಂಟ ಎಂದರೆ ಇವತ್ತಿಗೂ ಆಂಡಿಸ್ ಬೆಟ್ಟಗಳಲ್ಲಿರುವ ಕನ್ನಡಕದ ಕರಡಿ. ಆ ಸಾಧಾರಣ ಗಾತ್ರದ ಕರಡಿಯ ಕಣ್ಣ ಸುತ್ತ ಬಿಳಿ ಗೆರೆ ಇರುತ್ತದೆ. ಹಾಗಾದರೆ ಎರಡು ಖಂಡಗಳಲ್ಲಿ ಕರಡಿಗಳು ಬೇರೆ ಬೇರೆಯಾಗಿಯೇ ದೈತ್ಯವಾದವು.

ಇನ್ನು ನಮ್ಮ ದೇಶ. ಇತ್ತು, ಆದರೆ ಕರ್ನಾಟಕದಲ್ಲಿ ಹುಡುಕಬೇಡಿ. ಇಲ್ಲಿನ ಬಂಡೆಗಳು ಹೆಚ್ಚಾಗಿ ಕೋಟ್ಯಂತರ ವರ್ಷ ಹಳೆಯವು, ಕರಡಿ ಹುಟ್ಟುವುದಕ್ಕೂ ಎಷ್ಟೋ ಮುಂಚಿನವು. ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳಲ್ಲಿ ಅಂಥ ಮೂಳೆ ಉಳಿಯಲು ಬೇಕಾದ ಎಳೆಯ ಮಣ್ಣಿನ ಪದರಗಳಿವೆ. ಸಹಾರನ್‌ಪುರದ ಸಸ್ಯೋದ್ಯಾನದಲ್ಲಿದ್ದ ವೈದ್ಯ ಹ್ಯೂ ಫಾಲ್ಕನರ್ ಮತ್ತು ಮುಂದೆ ಗಂಗಾ ಕಾಲುವೆ ಕಟ್ಟಿಸಿದ ಎಂಜಿನಿಯರ್ ಪ್ರೋಬಿ ಕಾಟ್ಲಿ ಅಲ್ಲಿ ಮೂಳೆ ಹುಡುಕುತ್ತಿದ್ದರು. 1836ರಲ್ಲಿ ಅವರು ಒಂದು ದೊಡ್ಡ ಕರಡಿಯನ್ನು ವಿವರಿಸಿ, ಬೆಟ್ಟದ ಹೆಸರಿನಿಂದಲೇ ಸಿವಾಲೆನ್ಸಿಸ್ ಎಂದು ಕರೆದರು. ಈಗ ಅದು ಅಗ್ರಿಯೊಥೀರಿಯಂ ಎಂಬ ಗುಂಪಿಗೆ ಸೇರಿದೆ. ಇದೇ ಗುಂಪಿನ ಇನ್ನೊಂದು ಕರಡಿ ದಕ್ಷಿಣ ಆಫ್ರಿಕಾದಲ್ಲೂ ಸಿಕ್ಕಿದೆ.

ಕೋಲ್ಕತ್ತಕ್ಕೆ ಹೋದರೆ ಇಂಡಿಯನ್ ಮ್ಯೂಸಿಯಂಗೆ ಹೋಗಿ ಬನ್ನಿ. ಶಿವಾಲಿಕ್‌ನ ಪಳೆಯುಳಿಕೆಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು.