ಫೆರಿ ಸೀಟು ಖಾಲಿ, ದಡದಲ್ಲಿ ಲಾರಿ ಸಾಲು: ಎಲ್ಲಿ ತಪ್ಪಿದೆ?

ಪ್ರಶ್ನೆ: ನಮ್ಮ ಮಾರ್ಗದಲ್ಲಿ ಸಮುದ್ರ ದಾಟಲು ಎರಡು ಗಂಟೆ ಬೇಕು. ಫೆರಿಯಲ್ಲಿ 800 ಜನ, 200 ಕಾರು ಹಿಡಿಸುತ್ತೆ. ಆದರೂ ವಾರದ ದಿನಗಳಲ್ಲಿ ಸೀಟು ಅರ್ಧ ಖಾಲಿ, ದಡದಲ್ಲಿ ಲಾರಿಗಳ ಸಾಲು ಕರಗುವುದೇ ಇಲ್ಲ. ವೇಗದ ಫೆರಿ ತಂದು ಟ್ರಿಪ್ ಜಾಸ್ತಿ ಮಾಡಿದರೆ ಸರಿಹೋಗುತ್ತಾ?

ಉತ್ತರ: ಇಲ್ಲ, ವೇಗದಿಂದ ಇದು ಸರಿಹೋಗಲ್ಲ. 200 ಕಾರು ಅನ್ನೋ ಲೆಕ್ಕವನ್ನು ಮೊದಲು ಪಕ್ಕಕ್ಕಿಡಿ. ಲಾರಿ ಮಾರ್ಗಕ್ಕೆ ಬೇಕಾದ ಅಳತೆ ಲೇನ್ ಮೀಟರ್, ಅಂದ್ರೆ ಡೆಕ್ (ಹಡಗಿನ ಅಂತಸ್ತು) ಮೇಲೆ ವಾಹನಗಳು ನಿಲ್ಲುವ ಸಾಲುಗಳ ಒಟ್ಟು ಉದ್ದ. ಒಂದು ಕಾರಿಗೆ 5 ಮೀಟರ್ ಹಿಡಿದರೆ ನಿಮ್ಮಲ್ಲಿ ಸುಮಾರು 1,000 ಮೀಟರ್ ಇದೆ. ಯುರೋಪಿನ ಟ್ರೇಲರ್ ಲಾರಿ 16.5 ಮೀಟರ್, ನಡುವೆ ಸ್ವಲ್ಪ ಜಾಗ ಬಿಟ್ಟು 17 ಅನ್ನಿ. ಭಾಗಿಸಿದರೆ 58 ಲಾರಿ ಬರುತ್ತೆ, ಆದರೆ ಅಷ್ಟು ಹಿಡಿಸಲ್ಲ. ಕಾರಿನ ಡೆಕ್ಕಿನ ಎತ್ತರ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು, ಲಾರಿಗೆ ನಾಲ್ಕೂವರೆ ಮೀಟರ್ ಆದರೂ ಬೇಕು, ಸಾಲಿನ ಅಗಲವೂ ಜಾಸ್ತಿ ಬೇಕು. ಇನ್ನು ತೂಕ. ಮೂರು ಕಾರು ನಿಲ್ಲುವ ಜಾಗದಲ್ಲಿ ನಿಲ್ಲುವ ಒಂದು ಲಾರಿ 40 ಟನ್ ತೂಗಬಹುದು, ಮೂರು ಕಾರು ಸೇರಿದರೂ ಐದಾರು ಟನ್ ಅಷ್ಟೇ. ಎಷ್ಟೋ ಹಡಗುಗಳಲ್ಲಿ ಜಾಗ ಉಳಿದಿದ್ದರೂ ತೂಕದ ಮಿತಿ ಮುಗಿದು ಲಾರಿಗಳನ್ನು ದಡದಲ್ಲೇ ಬಿಟ್ಟು ಹೋಗಬೇಕಾಗುತ್ತೆ. ಹಾಗಾಗಿ ಹಡಗು ನೋಡಲು ಹೋದವರು ಮೊದಲು ಕೇಳಬೇಕಾದ್ದು ಡೆಕ್ ಒಂದು ಆಕ್ಸಲ್‌ಗೆ (ಚಕ್ರಗಳನ್ನು ಜೋಡಿಸುವ ಅಚ್ಚು) ಎಷ್ಟು ಟನ್ ತಡೆಯುತ್ತೆ ಅಂತ. ಲೌಂಜ್ ಆಮೇಲೆ ನೋಡಿದರಾಯಿತು.

ವೇಗದ ಫೆರಿಯನ್ನು ಬೇರೆಯವರು ಮಾಡಿ ನೋಡಿದ್ದಾರೆ. 1990ರ ದಶಕದಲ್ಲಿ ಸ್ಟೆನಾ ಲೈನ್ ಅನ್ನೋ ಫೆರಿ ಕಂಪನಿ 40 ನಾಟ್ (ಗಂಟೆಗೆ ಸುಮಾರು 74 ಕಿ.ಮೀ.) ವೇಗದ ದೊಡ್ಡ ಫೆರಿಗಳನ್ನು ಬ್ರಿಟನ್–ಐರ್ಲೆಂಡ್ ನಡುವಿನ ಐರಿಷ್ ಸಮುದ್ರಕ್ಕೆ ಇಳಿಸಿತು. ಅವು ಲಾರಿಗಳನ್ನೂ ಹೊತ್ತವು, ಆದರೆ ಇಂಧನದ ಖರ್ಚು ತಡೆಯಲಾರದೆ ಕೊನೆಗೆ ನಿಂತೇ ಹೋದವು. ಅದೇ ಸಮುದ್ರದಲ್ಲಿ ಡಬ್ಲಿನ್–ಹೋಲಿಹೆಡ್ ನಡುವೆ 2001ರಲ್ಲಿ ಬಂದ ಯುಲಿಸಿಸ್ ಹಡಗಿನ ವೇಗ ಅದರ ಅರ್ಧದಷ್ಟೇ ಆಸುಪಾಸು, ಡೆಕ್ ಮಾತ್ರ ನಾಲ್ಕು ಸಾವಿರ ಲೇನ್ ಮೀಟರಿಗೂ ಜಾಸ್ತಿ. ಲಾರಿಯವರಿಗೆ ಅರ್ಧ ಗಂಟೆ ಮೊದಲು ತಲುಪುವುದಕ್ಕಿಂತ ಅಲೆ ಎದ್ದ ದಿನವೂ ಹಡಗು ಹೊರಡುತ್ತೆ ಅನ್ನೋ ನಂಬಿಕೆ ಮುಖ್ಯ, ಹಗುರ ವೇಗದ ಫೆರಿ ಸೋಲುವುದು ಅಲ್ಲೇ.

ಟ್ರಿಪ್ ಜಾಸ್ತಿ ಆಗಬೇಕಾದರೆ ಬಂದರಿನಲ್ಲಿ ಕಳೆಯುವ ಹೊತ್ತನ್ನು ನೋಡಿ. ಹಡಗಿಗೆ ಒಂದೇ ಕಡೆ ಬಾಗಿಲಿದ್ದರೆ ಪ್ರತಿ ಲಾರಿಯೂ ಡೆಕ್ಕಿನ ಒಳಗೆ ತಿರುಗಬೇಕು ಇಲ್ಲವೇ ರಿವರ್ಸ್ ಬರಬೇಕು. ಒಬ್ಬ ಕೈ ಬೀಸುತ್ತಾ ಹಿಂದೆ ಹಿಂದೆ ನಡೆಯುತ್ತಾನೆ, ಕನ್ನಡಿಗೂ ಕಂಬಕ್ಕೂ ಗೇಣು ಅಂತರ, ಅದರ ಹಿಂದೆ ಉಳಿದ ಲಾರಿಗಳೆಲ್ಲ ಇಂಜಿನ್ ಆನ್ ಇಟ್ಟುಕೊಂಡು ನಿಂತಿರುತ್ತವೆ. ಎರಡೂ ಕಡೆ ಬಾಗಿಲಿದ್ದರೆ ಹತ್ತಿದವರು ನೇರ ಮುಂದಕ್ಕೇ ಇಳಿದು ಹೋಗುತ್ತಾರೆ. ಇಂಗ್ಲೆಂಡ್–ಫ್ರಾನ್ಸ್ ನಡುವಿನ ಡೋವರ್–ಕ್ಯಾಲೆ ಮಾರ್ಗದಲ್ಲಿ 2023ರಿಂದ ಓಡುತ್ತಿರುವ ಹೊಸ ಫೆರಿಗಳಿಗೆ ಎರಡೂ ತುದಿ ಒಂದೇ, ಬಂದರಿನಲ್ಲಿ ಹಡಗು ತಿರುಗುವ ಕೆಲಸವೇ ಇಲ್ಲ. ಆದರೆ ನಿಮಿಷ ಉಳಿಸೋದು ಹಡಗಿನ ವಿನ್ಯಾಸದಿಂದ ಆಗಬೇಕು, ಸಿಬ್ಬಂದಿಯನ್ನು ಅವಸರ ಮಾಡಿ ಖಂಡಿತ ಅಲ್ಲ. 1987ರಲ್ಲಿ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಅನ್ನೋ ಫೆರಿ ಮುಂಬಾಗಿಲು ಮುಚ್ಚದೆಯೇ ಹೊರಟಿತು. ತಡೆಗೋಡೆ ಇಲ್ಲದ ವಾಹನದ ಡೆಕ್ಕಿಗೆ ನೀರು ನುಗ್ಗಿ ನಿಮಿಷಗಳಲ್ಲೇ ಮಗುಚಿತು, 193 ಜನ ಸತ್ತರು. ಈ ಕೆಲಸದಲ್ಲಿರುವ ಯಾರೂ ಅದನ್ನು ಮರೆಯಬಾರದು.

ಇನ್ನೊಂದು ವಿಷಯ, ಅಪಾಯಕಾರಿ ಸರಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಂಥ ಕೆಲವು ಸರಕು ಹೊರುವಾಗ ಹಡಗಿನಲ್ಲಿ 25 ಪ್ರಯಾಣಿಕರು, ಇಲ್ಲವೇ ಹಡಗಿನ ಉದ್ದದ ಪ್ರತಿ 3 ಮೀಟರಿಗೆ ಒಬ್ಬರು, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟೇ ಜನ ಇರಬಹುದು. 150 ಮೀಟರ್ ಹಡಗಾದರೆ 50 ಜನ. ನಿಮ್ಮ ಸಾಲಿನಲ್ಲಿ ಇಂಥ ಟ್ಯಾಂಕರ್‌ಗಳಿದ್ದರೆ 800 ಸೀಟಿನ ಹಗಲಿನ ಟ್ರಿಪ್ಪಿಗೆ ಅವು ಹತ್ತಲಾರವು, ಜನ ಕಡಿಮೆ ಇರುವ ರಾತ್ರಿ ಟ್ರಿಪ್ ಒಂದನ್ನು ಅವಕ್ಕೇ ಮೀಸಲಿಡಿ.

ನನ್ನ ಸಲಹೆ: ಕಡಿಮೆ ಸೀಟು, ಎತ್ತರದ ಡೆಕ್, ಮೇಲಕ್ಕೆತ್ತಿ ಕಟ್ಟಬಹುದಾದ ಕಾರಿನ ಡೆಕ್ ಇರುವ ಹಡಗು ಹುಡುಕಿ. ರಜೆ ದಿನ ಅದನ್ನು ಇಳಿಸಿದರೆ ಕಾರಿಗೆ ಎರಡು ಅಂತಸ್ತು, ಉಳಿದ ದಿನ ಎತ್ತಿದರೆ ಪೂರ್ತಿ ಲಾರಿಗೆ. ಖರೀದಿಗೆ ಮುಂಚೆ ಎರಡು ವಾರ ಗೇಟಿನಲ್ಲಿ ಒಬ್ಬರನ್ನು ಕೂರಿಸಿ ಗಂಟೆಗೊಮ್ಮೆ ಬರೆಸಿ: ಬಂದ ಲಾರಿ ಎಷ್ಟು, ಉಳಿದದ್ದೆಷ್ಟು, ಕರೆಂಟ್ ಪ್ಲಗ್ ಬೇಕಾದ ಫ್ರೀಜರ್ ಟ್ರೇಲರ್ ಎಷ್ಟು, ಡ್ರೈವರ್ ಇಲ್ಲದೆ ಟ್ರೇಲರ್ ಮಾತ್ರ ಕಳಿಸಲು ಒಪ್ಪುವವರು ಎಷ್ಟು ಜನ. ಆ ಪುಸ್ತಕ ಕೈಯಲ್ಲಿ ಹಿಡಿದೇ ಹಡಗು ನೋಡಲು ಹೋಗಿ.