ಓದುಗರ ಪ್ರಶ್ನೆ: ಗುದ್ದಿದ ಗಾಡಿ ಗೊತ್ತಿಲ್ಲ, ಸಂಬಳದ ಚೀಟಿಯೂ ಇಲ್ಲ

ಪ್ರಶ್ನೆ: ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದ ನಮ್ಮ ಭಾವ (32 ವರ್ಷ) ಬೆಳಗಿನ ಜಾವ ರಸ್ತೆ ದಾಟುವಾಗ ಯಾವುದೋ ಗಾಡಿ ಗುದ್ದಿ ತೀರಿಕೊಂಡರು. ಹತ್ತು ದಿನವಾಯಿತು. ಅಕ್ಕ, ಇಬ್ಬರು ಮಕ್ಕಳು, ಭಾವನ ತಾಯಿ ಊರಿಗೆ ಬಂದಿದ್ದಾರೆ. ಪರಿಹಾರ ಸಿಗುತ್ತದೆಯೇ?
– ಓದುಗರು, ಸುರಪುರ ತಾಲ್ಲೂಕು

ಉತ್ತರ: ಸಿಗುತ್ತದೆ. ಆದರೆ ಅರ್ಜಿಗಿಂತ ಮುಂಚೆ ಗಾಡಿ ಹುಡುಕಿಸಿ. ಗಾಡಿ ಪತ್ತೆಯಾಗದಿದ್ದರೆ ‘ಹಿಟ್ ಅಂಡ್ ರನ್’ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ, ಅಷ್ಟೇ. ಪತ್ತೆಯಾಗಿ ಅದಕ್ಕೆ ವಿಮೆ ಇದ್ದರೆ ಲೆಕ್ಕವೇ ಬೇರೆ. ಅಪಘಾತ ಪರಿಹಾರದ ಕೇಸು ನೋಡುವ ನ್ಯಾಯಮಂಡಳಿ ಭಾವನ ತಿಂಗಳ ದುಡಿಮೆ 15,000 ಎಂದು ಒಪ್ಪಿತು ಅನ್ನೋಣ. 40 ವರ್ಷದೊಳಗಿನ ಕೂಲಿಕಾರರಿಗೆ ಮುಂದಿನ ಗಳಿಕೆ ಎಂದು ಶೇ 40 ಸೇರಿಸುತ್ತಾರೆ: 21,000. ಅವಲಂಬಿತರು ನಾಲ್ವರು, ಹಾಗಾಗಿ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯುತ್ತಾರೆ: 15,750. ಅದನ್ನು 12ರಿಂದ, ಆಮೇಲೆ 32ರ ವಯಸ್ಸಿಗೆ ಗೊತ್ತುಮಾಡಿದ 16ರಿಂದ ಗುಣಿಸಿದರೆ 30,24,000.

ಅಂಗಡಿ, ಪೆಟ್ರೋಲ್ ಬಂಕ್‌ಗಳ ಸಿಸಿಟಿವಿ ದೃಶ್ಯ ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ ಉಳಿದು ತಾನಾಗಿ ಅಳಿಸಿಹೋಗುತ್ತದೆ. ಅಪಘಾತದ ಜಾಗದ ಎರಡೂ ದಿಕ್ಕಿನ ಕ್ಯಾಮೆರಾಗಳ ಪಟ್ಟಿ ಬರೆದು, ದೃಶ್ಯ ವಶಪಡಿಸಿಕೊಳ್ಳಿ ಎಂದು ಠಾಣೆಗೆ ಇವತ್ತೇ ಲಿಖಿತ ಮನವಿ ಕೊಡಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕಾರಿದ್ದ ಮನೆಯವರಾದರೆ ಮೊದಲ ದಿನವೇ ಇದಕ್ಕೆ ಓಡಾಡಲು ಜನ ಇರುತ್ತಾರೆ. ಕೂಲಿಯವರ ಮನೆಯಲ್ಲಿ ಆ ದಿನ ಶವ ಊರಿಗೆ ಸಾಗಿಸುವುದರಲ್ಲೇ ಮುಗಿದಿರುತ್ತದೆ. ಅನ್ಯಾಯ ಶುರುವಾಗುವುದು ಅಲ್ಲಿಂದಲೇ.

ಸಂಬಳದ ಚೀಟಿ ಇಲ್ಲವೆಂದು ಕೇಸು ಬೀಳುವುದಿಲ್ಲ, ಮೊತ್ತ ಕುಗ್ಗುತ್ತದೆ. ಮೇಲಿನ ಲೆಕ್ಕದಲ್ಲೇ ತಿಂಗಳ ದುಡಿಮೆಯಲ್ಲಿ 1,000 ಕಡಿಮೆ ಹಿಡಿದರೆ ಕುಟುಂಬ ಕಳೆದುಕೊಳ್ಳುವುದು 2,01,600. ಹಾಗಾಗಿ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು, ಫೋನ್‌ನಲ್ಲಿ ಬಂದ ಕೂಲಿಯ ವಿವರ, ಮೇಸ್ತ್ರಿಯ ಹಾಜರಿ ಪುಸ್ತಕದ ಪ್ರತಿ ಎಲ್ಲವನ್ನೂ ಕೂಡಿಡಿ. ಮೇಸ್ತ್ರಿ ಸಾಕ್ಷಿ ಹೇಳಲು ಒಪ್ಪಿದರೆ ಇನ್ನೂ ಒಳ್ಳೆಯದು. ಭಾವನ ಫೋನನ್ನು ಮಾತ್ರ ರೀಸೆಟ್ ಮಾಡಬೇಡಿ.

ಗಾಡಿ ಸಿಕ್ಕರೆ ಕೇಸಿಗಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಅಕ್ಕ ಈಗ ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಕಾಯ್ದೆ ಹೇಳುವ ಆರು ತಿಂಗಳು ದಾಟಿಸಬೇಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ: ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ‘ಬಂದದ್ದರಲ್ಲಿ ಇಷ್ಟು ಪಾಲು’ ಎನ್ನುವ ದಲ್ಲಾಳಿಗೆ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ.

ಒಂದು ತಿಂಗಳಾದರೂ ಗಾಡಿಯ ವಿವರ ಸಿಗದಿದ್ದರೆ, 2 ಲಕ್ಷದ ಯೋಜನೆಯನ್ನೂ ಅರ್ಜಿ ಪಡೆಯುವ ಅಧಿಕಾರಿಯ ವಿಳಾಸವನ್ನೂ ಪೊಲೀಸರೇ ಕುಟುಂಬಕ್ಕೆ ಬರಹದಲ್ಲಿ ತಿಳಿಸಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಅರ್ಜಿ ಹೋಗುವುದು ಅಪಘಾತವಾದ ಕಡೆಯ ಕಂದಾಯ ಅಧಿಕಾರಿಗೆ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಭಾವ, ಅಕ್ಕ ಇಬ್ಬರ ಗುರುತಿನ ಚೀಟಿ, ಅಕ್ಕನ ಪಾಸ್‌ಬುಕ್ ಲಗತ್ತಿಸಿ. ಹೆಸರಿನ ಕಾಗುಣಿತ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ಮುಂದೆ ಗಾಡಿ ಸಿಕ್ಕಿ ದೊಡ್ಡ ಪರಿಹಾರ ಬಂದರೆ ಈ 2 ಲಕ್ಷ ಅದರಲ್ಲಿ ವಜಾ ಆಗುತ್ತದೆ, ಪಡೆಯಲು ಅಂಜಬೇಕಿಲ್ಲ.

ಪ್ರಶ್ನೆ: ನಮ್ಮ ಕಾಲೊನಿಯ ಗಾರ್ಮೆಂಟ್ಸ್ ಹೆಂಗಸರು ಡಿವೈಡರ್ ಹತ್ತಿ ಮುಖ್ಯರಸ್ತೆ ದಾಟುತ್ತಾರೆ. ಸ್ಕೈವಾಕ್ ಕೇಳೋಣವೇ?
– ಓದುಗರು, ಬೆಂಗಳೂರು

ಉತ್ತರ: ನೆಲದ ಮಟ್ಟದಲ್ಲೇ ದಾಟುವ ಸಿಗ್ನಲ್ ಕೇಳಿ. ಸ್ಕೈವಾಕ್ ಕೆಳಗೆ 5.5 ಮೀಟರ್ ಜಾಗ ಬಿಡಬೇಕು, ಅಂದರೆ ಸುಮಾರು 40 ಮೆಟ್ಟಿಲು ಹತ್ತಿ ಅಷ್ಟೇ ಇಳಿಯಬೇಕು. ದಿನವಿಡೀ ದುಡಿದವರು, ಬಸುರಿಯರು ಅದನ್ನು ಬಿಟ್ಟು ಡಿವೈಡರನ್ನೇ ಹತ್ತುತ್ತಾರೆ, ತಪ್ಪು ಅವರದಲ್ಲ. ಪಾಳಿ ಬಿಡುವ ಹೊತ್ತಿಗೆ 15 ನಿಮಿಷದಲ್ಲಿ ಎಷ್ಟು ಜನ ದಾಟುತ್ತಾರೆಂದು ಮೂರು ದಿನ ಎಣಿಸಿ, ಫೋಟೊ ಸಮೇತ ಸಂಚಾರ ಪೊಲೀಸರಿಗೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕೊಡಿ. ಹಸಿರು ದೀಪದ ಹೊತ್ತನ್ನೂ ಬರೆದೇ ಕೇಳಿ: ಸೆಕೆಂಡಿಗೆ 1.2 ಮೀಟರ್ ನಡಿಗೆ ಹಿಡಿದರೆ 14 ಮೀಟರ್ ರಸ್ತೆಗೆ 12 ಸೆಕೆಂಡು ಸಾಕು, ಮಗು ಎತ್ತಿಕೊಂಡವರಿಗೆ, ವಯಸ್ಸಾದವರಿಗೆ 18 ಬೇಕು.